ಬಾದಾಮಿ ಬೀಗರ ಹೊಸ್ತಿಲು

ನಮ್ಮ ಅವ್ವನಿಗೆ ಬಯಲಲ್ಲಿ ನಡೆಯಲು ಅಂಥ ತ್ರಾಸೇನೂ ಇರಲಿಲ್ಲ. ಇಳಕಲ್ಲಿನ ನಮ್ಮ ನೇಕಾರ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ, ತುಸು ಮುಂದಕ್ಕೆ ಬಾಗಿ, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಹೋಗಿಬಿಡುತ್ತಿದ್ದಳು. ಬಾಗಿಲು ಬಂತೋ, ಮುಗಿಯಿತು. ಹೊಸ್ತಿಲು ಇನ್ನೂ ಒಂದು ಗೇಣು ದೂರ ಇರುವಾಗಲೇ ಎರಡೂ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಮೈ ಒಳಗೆ ಹೋಗಲು ಬಾಗುತ್ತಿತ್ತು, ಕಾಲು ಬರುತ್ತಿರಲಿಲ್ಲ.

ಅದು ರೋಗ ಎಂದು ಗೊತ್ತಾಗುವ ಮೊದಲೇ ಬಾದಾಮಿಯಲ್ಲಿ ನಮ್ಮ ಮಾನ ಹೋಗಿತ್ತು.

ತಂಗಿಗೆ ನೋಡಿದ್ದ ಹುಡುಗನ ಮನೆಗೆ ಅಪ್ಪ, ಅವ್ವ, ನಾನು ಹೋಗಿದ್ದೆವು. ಕೆಂಪು ಕಲ್ಲಿನ ಹಳೆಯ ಮನೆ, ದಪ್ಪ ಕಟ್ಟಿಗೆಯ ಎತ್ತರದ ಹೊಸ್ತಿಲು. ಹುಡುಗನ ತಾಯಿ ಕಾಲಿಗೆ ನೀರು ಕೊಟ್ಟು, "ಬಲಗಾಲಿಟ್ಟು ಒಳಗ ಬರ್ರಿ ಬೀಗ್ತಿ" ಎಂದು ನಗುತ್ತ ಕರೆದರು. ಅವ್ವ ನಿಂತಳು. ನಿಂತೇ ಇದ್ದಳು. ಜಮಖಾನೆಯ ಮೇಲೆ ಕೂತ ಮಂದಿಯೆಲ್ಲ ಮಾತು ಬಿಟ್ಟು ಬಾಗಿಲ ಕಡೆ ನೋಡಿದರು.

"ಯಾಕ್ರಿ, ನಮ್ಮ ಮನಿ ಮನಸಿಗೆ ಬರಲಿಲ್ಲೇನು?" ಎಂದರು ಹುಡುಗನ ತಾಯಿ. ನಗು ಅರ್ಧ ಹೋಗಿತ್ತು.

ಅಪ್ಪನಿಗೆ ಏನು ತೋಚಿತೋ, ಅವ್ವನ ರಟ್ಟೆ ಹಿಡಿದು ಎಳೆದ. ಅವಳು ಮುಗ್ಗರಿಸಿದಳು. ಎಡಗಾಲು ಮೊದಲು ಒಳಗೆ ಬಿತ್ತು, ಬಲಗಾಲು ಹೊಸ್ತಿಲಿಗೇ ಒದೆಯಿತು. ದಿನಾ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವ ಹೊಸ್ತಿಲು! ಒಳಗೆ ಒಬ್ಬ ಮುದುಕಿ "ಶಿವಶಿವಾ" ಅಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಹುಡುಗ ಹಟ ಹಿಡಿದ, ಮದುವೆ ಮುರಿಯಲಿಲ್ಲ. ಆದರೆ ಹೆಣ್ಣಿನ ತಾಯಿಗೆ ಸಂಬಂಧ ಒಪ್ಪಿಗೆ ಇರಲಿಲ್ಲ, ಹೊಸ್ತಿಲಿಗೆ ಒದ್ದು ಒಳಗೆ ಬಂದಳು ಎಂಬ ಮಾತು ಆ ಮನೆಯಲ್ಲಿ ಉಳಿದುಕೊಂಡಿತು. ಮದುವೆ ಇಳಕಲ್ಲಿನಲ್ಲಿಯೇ ಆದದ್ದರಿಂದ ಅವ್ವ ಬಚಾವಾದಳು. ಮಗಳನ್ನು ಮನೆ ತುಂಬಿಸಲು ಹೋಗುವ ದಿನ ಜ್ವರ ಎಂದು ಮಲಗಿಕೊಂಡಳು.

ಅದಕ್ಕಿಂತ ದೊಡ್ಡ ನಷ್ಟ ನಮ್ಮ ಓಣಿಯಲ್ಲೇ ಆಯಿತು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಮಗ್ಗದ ಮೇಲೆಯೇ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೆ ಓಣಿಯ ಹತ್ತು ಮನೆಯವರು ಅವ್ವನನ್ನೇ ಕರೆಯುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು, ಆ ಓಣಿಯಲ್ಲೂ ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅವ್ವನ ಬೆರಳುಗಳು ನನ್ನನ್ನು ಬಿ.ಎಸ್ಸಿ. ತನಕ, ಆಮೇಲೆ ಹುನಗುಂದದ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯ ಕುರ್ಚಿಯ ತನಕ ಕರೆದುಕೊಂಡು ಹೋದವು. ಈಗ ಬಲಗೈ ನಡುಗುತ್ತಿತ್ತು. ಬಾಗಿಲಲ್ಲಿ ನಿಂತುಬಿಡುವ ಹೆಂಗಸು ಎಂದು ಅನ್ನಿಸಿಕೊಳ್ಳಬಾರದೆಂದು ಅವಳು ಯಾರ ಮನೆಗೂ ಹೋಗುವುದನ್ನೇ ಬಿಟ್ಟಳು.

ನಾನೇ ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಅವಳನ್ನು ಪಡಸಾಲೆಯಲ್ಲಿ ನಡೆಸಿ ನೋಡಿದರು, ಬಾಗಿಲಲ್ಲಿ ಹಾಯಿಸಿ ನೋಡಿದರು. ಪಾರ್ಕಿನ್ಸನ್ ರೋಗ ಎಂದರು. ಗುಳಿಗೆಯಿಂದ ಕೈ ನಡುಕ ತಗ್ಗಿತು, ಬಾಗಿಲಿನ ಕಾಟ ತಗ್ಗಲಿಲ್ಲ. ಬೀಗರಿಗೆ ಈ ಸುದ್ದಿ ಮುಟ್ಟಕೂಡದು ಎಂದು ಅಪ್ಪ ಕಟ್ಟುನಿಟ್ಟು ಮಾಡಿದ. ತಾಯಿಗೆ ಇಂಥ ರೋಗ ಇದೆ ಎಂದರೆ ಮಗಳನ್ನು ಏನೆಂದು ನೋಡುತ್ತಾರೋ ಎಂಬ ಅಂಜಿಕೆ ನನಗೂ ಇತ್ತು. ಓದಿದವಳಾದ ನಾನೂ ಬಾಯಿ ಮುಚ್ಚಿಕೊಂಡೆ.

ಮರುವರ್ಷ ತಂಗಿ ಬಸುರಿಯಾದಳು. ಏಳು ತಿಂಗಳಿಗೆ ಕುಬಸ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಹೋಗಿ ಗಂಡನ ಮನೆಯಲ್ಲಿ ಉಡಿ ತುಂಬಬೇಕು. ತಂಗಿ ಪಕ್ಕದ ಅಂಗಡಿಯ ಫೋನಿಗೆ ಕರೆ ಮಾಡಿ, "ಅವ್ವಾ, ನೀ ಬಂದ್ರಷ್ಟ ನಾ ಹಸಿರು ಸೀರಿ ಉಡತೇನಿ. ಇಲ್ಲಾಂದ್ರ ಕುಬಸಾನೂ ಬ್ಯಾಡ, ಏನೂ ಬ್ಯಾಡ" ಎಂದಳಂತೆ. ಅವ್ವ ಫೋನಿಟ್ಟು ಬಂದಳು. ಬಂದವಳೇ ನನ್ನನ್ನು ಕೇಳಿದಳು: "ಇನ್ನ ನಾಕ್ ತಿಂಗಳೈತಿ. ಆ ಹೊಸ್ತಲ ದಾಟಾಕ ನಿನ್ನ ಬಾಗಲಕೋಟಿ ದವಾಖಾನ್ಯಾಗ ಏನರ ಔಷಧ ಐತೇನು?"

ಔಷಧ ಇರಲಿಲ್ಲ. ಡಾಕ್ಟರು ನಮ್ಮನ್ನು ಹಿಂದಿನ ಕೋಣೆಗೆ, ಅಲ್ಲಿ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಯ ಹೆಣ್ಣುಮಗಳ ಹತ್ತಿರ ಕಳಿಸಿದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಮುಂಬೈಯಲ್ಲಿ ಕೆಲಸ ಮಾಡುವಾಗ ಹಲ್ಲು ಕಟ್ಟುವ ಒಬ್ಬ ಚೀನೀ ಅಜ್ಜ ಮುಂಜಾನೆ ತೋಟದಲ್ಲಿ ಮಾಡುತ್ತಿದ್ದ ಕಸರತ್ತನ್ನು ನೋಡಿ, ಎರಡು ವರ್ಷ ಅವನ ಹಿಂದೆ ನಿಂತು ಕಲಿತಿದ್ದಳಂತೆ.

"ತಾಯ್ ಚಿ ಅಂತಾರ್ರಿ ಅವ್ವಾರ, ಚೀನಾದ್ದು" ಎಂದು ಹೇಳಿ ಅವಳು ಮಾಡಿ ತೋರಿಸಿದಳು. ಮೊಣಕಾಲು ತುಸು ಬಗ್ಗಿಸಿ, ಕೈಗಳನ್ನು ನೀರೊಳಗೆ ಆಡಿಸಿದ ಹಾಗೆ ಮೇಲೆತ್ತಿ, ಮೈಯನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸಾಗಿಸುತ್ತಿದ್ದಳು.

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಚೀನಾದವ್ರು ನಮ್ಮ ಜೋಡಿ ಲಡಾಯಿ ಮಾಡಿದ್ರಲ್ಲ ತಂಗೀ? ಇಷ್ಟ ಸಾವಕಾಶ ಬಂದಿದ್ರ ಆ ಲಡಾಯಿ ಇನ್ನೂ ಮುಗೀತಿದ್ದಿಲ್ಲ."

ಆ ಹುಡುಗಿ ಜೋರಾಗಿ ನಕ್ಕಳು. ಆದರೆ ಸುಳ್ಳು ಆಸೆ ಹುಟ್ಟಿಸಲಿಲ್ಲ. "ಇದರಿಂದ ರೋಗ ಹೋಗೂದಿಲ್ಲರಿ. ಗುಳಗಿ ಬಿಡಂಗಿಲ್ಲ. ಮೈ ಸಮತೂಕ ಹಿಡಿಯೂದು ಕಲೀತೀರಿ, ಬೀಳೂದು ಕಡಿಮಿ ಆಗಬಹುದು. ಬಾಗಲಾ? ಪ್ರಯತ್ನ ಮಾಡೂನು" ಎಂದಳು. ಆ ಮಾತಿಗೇ ನನಗೆ ಅವಳ ಮೇಲೆ ನಂಬಿಕೆ ಬಂತು.

ವಾರಕ್ಕೊಮ್ಮೆ, ಭಾನುವಾರ, ಅವ್ವನಿಗಾಗಿಯೇ ಅವಳು ಆ ಕೋಣೆ ತೆರೆಯುತ್ತಿದ್ದಳು. ಹುನಗುಂದ, ಅಮೀನಗಡ ದಾಟಿ ಎರಡು ತಾಸಿನ ಬಸ್ಸು. ಅವಳ ಪಾಠ ಒಂದೇ. "ಎತ್ತೂ ಕಾಲಿನ ಚಿಂತಿ ಬಿಡ್ರಿ ಅವ್ವಾರ. ನಿಂತ ಕಾಲಿಗೆ ಮೈಯೆಲ್ಲಾ ಕೊಡ್ರಿ. ಒಂದ್ ಕಾಲು ತುಂಬಿದ ಕೊಡ, ಒಂದ್ ಕಾಲು ಖಾಲಿ ಕೊಡ. ಪೂರಾ ಖಾಲಿ ಆಗೂತನಕಾ ಎತ್ತಬ್ಯಾಡ್ರಿ."

ನಾನು ಮಕ್ಕಳಿಗೆ ಮೆದುಳಿನ ಪಾಠ ಮಾಡುವವಳು. ನಡೆಯುವಾಗ ನಾವು ಕಾಲಿಗೆ ಏನನ್ನೂ ಹೇಳುವುದಿಲ್ಲ, ಅದು ತಾನಾಗಿಯೇ ನಡೆದುಹೋಗುತ್ತದೆ. ಅವ್ವನಲ್ಲಿ ಆ ತಾನಾಗಿ ನಡೆಯುವುದು ಕೆಟ್ಟಿತ್ತು. ಈ ಹುಡುಗಿ ಪ್ರತಿ ಹೆಜ್ಜೆಯನ್ನೂ ಬೇಕೆಂದೇ, ಗಮನವಿಟ್ಟು ಇಡುವುದನ್ನು ಕಲಿಸುತ್ತಿದ್ದಳು. ನಾನು ಇದನ್ನೆಲ್ಲ ಬಸ್ಸಿನಲ್ಲಿ ದೊಡ್ಡದಾಗಿ ವಿವರಿಸಿದರೆ ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: "ಕೊಂಡಿ ಹಾಕೂವಾಗ ಎಳೀ ಎಳದ್ರ ಹರೀತೈತಿ. ಸಡ್ಲ ಬಿಟ್ಟು ಕೂಡಸಬೇಕು. ಇದೂ ಅಷ್ಟ."

ಮನೆಯಲ್ಲಿ ದಿನಾ ಮುಂಜಾನೆ ಅಪ್ಪನ ಮಗ್ಗದ ಪಕ್ಕದ ಜಾಗದಲ್ಲಿ ಅಭ್ಯಾಸ. ಬಾಗಿಲಲ್ಲಿ ಇಣುಕಿದ ನೆರೆಮನೆಯವಳು, "ಏನಕ್ಕಾ, ಗಾಳಿ ನೇಯಾಕತ್ತೀಯೇನು?" ಎಂದಳು. ಅವ್ವ ಕೈ ನಿಲ್ಲಿಸದೆಯೇ, "ಹೂಂನವಾ, ಎಳಿ ಹರಿಯೂ ಕಾಟ ಇಲ್ಲ" ಎಂದಳು. ಒಂದೂವರೆ ತಿಂಗಳು ಏನೂ ಆಗಲಿಲ್ಲ. ಒಂದು ಸಲ ಅಡುಗೆಮನೆಯ ಬಾಗಿಲಲ್ಲಿ ಬಿದ್ದು ಮೊಣಕೈ ತರಚಿಸಿಕೊಂಡಳು. ಮರುದಿನ ಮುಂಜಾನೆ ಅರಿಶಿನ ಹಚ್ಚಿದ ಮೊಣಕೈ ಎತ್ತಿಕೊಂಡು ಮತ್ತೆ ನಿಂತಳು.

ಎರಡು ತಿಂಗಳಾದ ಮೇಲೆ ಬಾಗಲಕೋಟೆಯ ಹುಡುಗಿ ನೆಲದ ಮೇಲೆ ಒಂದು ಕಟ್ಟಿಗೆ ಇಟ್ಟು ದಾಟಿಸಿದಳು. ಅವ್ವನಿಗೆ ರೋಗದ ಜೋರು ಬಲಗಡೆ. ಎಡಗಾಲು ಮೊದಲಿಟ್ಟರೆ ಸಲೀಸಾಗಿ ದಾಟುತ್ತಿದ್ದಳು. "ಮುಗೀತಲ್ರಿ! ಎಡಗಾಲ ಮೊದಲಿಡ್ರಿ" ಎಂದಳು ಹುಡುಗಿ.

ಅವ್ವ ತಲೆ ಅಲ್ಲಾಡಿಸಿದಳು. "ನಮ್ಮ ಮನ್ಯಾಗ ಹೆಂಗಾರ ಇಡತೇನಿ. ಬೀಗರ ಮನ್ಯಾಗ ಬಲಗಾಲ."

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಿಗೆದ್ದೆ. "ಯಾವ ಕಾಲಾದ್ರೇನ ಅವ್ವಾ? ಬಲಗಾಲಂತ ಹಟ ಹಿಡದು, ಬಿದ್ದು ಸೊಂಟ ಮುರಕೊಳ್ಳಾಕೇನು?"

"ನೀ ಕಲತಾಕಿ, ನಿನಗ ಯಾವ ಕಾಲಾದ್ರೂ ನಡೀತೈತಿ" ಎಂದಳು ಅವ್ವ, ಕಿಟಕಿಯ ಹೊರಗೆ ನೋಡುತ್ತ. "ನನ್ನ ಕೂಸು ಆ ಮನ್ಯಾಗ ಬಾಳ್ವಿ ಮಾಡಾಕಿ. ಅವತ್ತ ಎಡಗಾಲ ಬಿತ್ತಂತ ಇನ್ನೂ ಆಕಿನ್ನ ಆಡಿಕೋತಾರ. ನಾ ಮತ್ತ ಎಡಗಾಲ ಇಡಲೇನು?"

ಕಲಿತವಳು ಎಂಬ ಹಮ್ಮಿನಲ್ಲಿ ಅವಳ ಕಷ್ಟ ಯಾವುದೆಂದು ನಾನು ನೋಡಿಯೇ ಇರಲಿಲ್ಲ.

ಮುಂದಿನ ಭಾನುವಾರ ಕಾರಣ ಕೇಳಿದ ಆ ಹುಡುಗಿ ನಗಲಿಲ್ಲ, ಮೂಢನಂಬಿಕೆ ಎನ್ನಲಿಲ್ಲ. ಅವ್ವನ ಎಡ ಮೊಣಕಾಲಿನ ಮುಂದೆ ಕೂತು, ಅದನ್ನು ಹಿಡಿದು ನೋಡಿ, "ಆತ್ರಿ ಅವ್ವಾರ, ಬಲಗಾಲ. ಆದ್ರ ಈ ಎಡಗಾಲು ಮೈಯೆಲ್ಲಾ ಹೊರಬೇಕು. ಎರಡ್ ಪಟ್ಟು ಕೆಲಸ" ಎಂದಳು. ಆವತ್ತಿನಿಂದ ಅವಳು ಕಟ್ಟಿಗೆಯ ಮೇಲೆ ಕಟ್ಟಿಗೆ ಪೇರಿಸಿ ಬಾದಾಮಿಯ ಹೊಸ್ತಿಲಿನಷ್ಟೇ ಎತ್ತರ ಮಾಡಿದಳು. ಎಷ್ಟೋ ಮೇಷ್ಟರನ್ನು ಕಂಡಿದ್ದೇನೆ, ನಾನೂ ಪಾಠ ಹೇಳಿಯೇ ಬದುಕಿದವಳು. ಕಲಿಯುವವರ ಹಟವನ್ನೇ ಪಾಠಕ್ಕೆ ಎತ್ತಿಕೊಂಡವರನ್ನು ನಾನು ನೋಡಿದ್ದು ಆ ಒಂದೇ ಸಲ.

ಕುಬಸದ ದಿನ ಜೀಪು ಮಾಡಿಕೊಂಡು ಹೊರಟೆವು. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಅಪ್ಪನೇ ನೇಯ್ದ ಹಸಿರು ಸೀರೆ. ಗುಳಿಗೆ ನುಂಗಿ ಒಂದು ತಾಸಿಗೆ ಕಾಲು ಹಗುರಾಗುತ್ತದೆ ಎಂದು ಬಾಗಲಕೋಟೆಯವಳು ಹೇಳಿದ್ದಳು. ಅದಕ್ಕೆ ಬೀಗರ ಓಣಿಯ ತಿರುವಿನಲ್ಲಿ ಜೀಪು ನಿಲ್ಲಿಸಿ ಕಾಯ್ದೆವು. ಅಪ್ಪ ಗಡಿಯಾರ ನೋಡುತ್ತಿದ್ದ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಅದೇ ಹೊಸ್ತಿಲು. ಅದೇ ಬೀಗತಿ, ಕಾಲಿಗೆ ನೀರು. ಅವ್ವ ನಿಂತಳು. ಒಳಗಿನವರು ಬಾಗಿಲ ಕಡೆ ಹೊರಳಿದರು. ನನ್ನ ಕೈ ತಾನಾಗಿಯೇ ಅವಳ ರಟ್ಟೆಗೆ ಹೋಯಿತು.

"ಮುಟ್ಟಬ್ಯಾಡ" ಎಂದಳು.

ಎರಡೂ ಕೈ ಎದೆಯ ತನಕ ಮೆಲ್ಲಗೆ ಎದ್ದವು. ಎಡ ಮೊಣಕಾಲು ಬಗ್ಗಿತು. ಮೈ ಎಡಕ್ಕೆ ಸಾಗಿತು, ಇನ್ನಷ್ಟು ಸಾಗಿತು. ಕೊಡ ತುಂಬುತ್ತಿದೆ ಎಂದುಕೊಂಡೆ. ಕೈಗಳು ಕೆಳಗಿಳಿಯುವಾಗ ಬಲಗಾಲು ಎದ್ದಿತು, ಹೊಸ್ತಿಲಿನ ಕುಂಕುಮ ಸೋಕದೆ ಮೇಲೆ ಹಾಯ್ದು, ಒಳಗಿನ ನೆಲದ ಮೇಲೆ ಅಂಗಾಲು ಪೂರ್ತಿ ಊರಿ ನಿಂತಿತು. ಆಮೇಲೆ ಎಡಗಾಲು.

ಬೀಗತಿ ತಂಬಿಗೆ ಹಿಡಿದುಕೊಂಡೇ, "ಇದೇನ್ರಿ ಬೀಗ್ತಿ, ಹೊಸಾ ನಮೂನಿ ನಮಸ್ಕಾರ?" ಎಂದರು.

"ಚೀನಾದ್ದು ರೀ" ಎಂದಳು ಅವ್ವ. ಆಮೇಲೆ, ಅಪ್ಪನ ಕಟ್ಟುನಿಟ್ಟನ್ನು ಬದಿಗಿಟ್ಟು, ಎಲ್ಲರ ಮುಂದೆಯೇ ಹೇಳಿಬಿಟ್ಟಳು. "ಅವತ್ತ ನಿಮ್ಮ ಮನಿ ಮನಸಿಗೆ ಬರದ ನಿಂತಿದ್ದಿಲ್ರಿ. ರೋಗ ಐತಿ, ಬಾಗಲ್ದಾಗ ಕಾಲ ಏಳೂದಿಲ್ಲ. ಇವತ್ತಿಗಾಗಿ ನಾಕ್ ತಿಂಗಳು ಕಲತೇನಿ."

"ಖರೇನ?" ಬೀಗತಿ ತಂಬಿಗೆ ಕೆಳಗಿಟ್ಟರು. "ಮೊದಲ ಹೇಳಬಾರದೇನ್ರಿ? ಸುಮ್ಮನ ನಾವೂ ಏನೇನೋ ಮಾತಾಡಿದ್ವಿ." ಅವ್ವನ ಕೈ ಹಿಡಿದು ತಂಗಿಯ ಪಕ್ಕದಲ್ಲೇ ಮಣೆ ಹಾಕಿಸಿ ಕೂರಿಸಿದರು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಹಸಿರು ಸೀರೆ ಉಡಲು ಎದ್ದಳು.

ಊಟ, ಹಾಡು, ಉಡಿ ತುಂಬುವುದು ಮುಗಿದು ನಾಲ್ಕು ಗಂಟೆಯ ಹೊತ್ತಿಗೆ ಹೊರಟೆವು. ಗುಳಿಗೆಯ ಜೋರು ಇಳಿದಿತ್ತು. ಅವ್ವ ಹೊಸ್ತಿಲ ತನಕ ಬಂದಳು. ನಿಂತಳು. ಪಾದ ಅಲ್ಲಾಡಲಿಲ್ಲ. ಒಳಗೆ ಬರುವುದನ್ನು ನಾಲ್ಕು ತಿಂಗಳು ಕಲಿತಿದ್ದೆವು. ಹೊರಗೆ ಹೋಗುವುದನ್ನು ನಮ್ಮಲ್ಲಿ ಒಬ್ಬರೂ ನೆನೆಸಿರಲಿಲ್ಲ, ಬಾಗಲಕೋಟೆಯವಳು ಕೂಡ.

ಹಿಂದಿನಿಂದ ಬೀಗತಿ ಹೇಳಿದರು, "ಈಗರ ನಮ್ಮ ಮನಿ ಮನಸಿಗೆ ಬಂತಲ್ರಿ ಬೀಗ್ತಿ! ಇರ್ರಿ, ನಾಳೆ ಹೋದ್ರಾತು."

ಮನೆಯೆಲ್ಲ ನಕ್ಕಿತು. ಅವ್ವನೂ ನಕ್ಕಳು, ಮೈ ಅಲುಗುವ ಹಾಗೆ ನಕ್ಕಳು. ನಗುತ್ತಲೇ ನನ್ನ ಕಡೆ ಹೊರಳಿ, "ಹೊರಗ ಹೋಗೂವಾಗ ಯಾವ ಕಾಲ ಇಡಬೇಕಂತ ಏನರ ಐತೇನವಾ?" ಎಂದು ಕೇಳಿದಳು.

"ಏನೂ ಇಲ್ಲ" ಎಂದೆ.

"ಹಂಗಾದ್ರ ಇವತ್ತ ನಿನ್ನ ಮಾತ ನಡೀಲಿ" ಎಂದು ಹೇಳಿ, ಕೈ ಎತ್ತಿ, ಮೈ ಸಾಗಿಸಿ, ಎಡಗಾಲನ್ನು ಬಿಸಿಲಿಗೆ ಇಟ್ಟಳು.