ಜೋಡಿ ಉಣ್ಣೋರು

ಆಯಿಲ್ ಕಂಪನಿ ಮುಖ್ಯಸ್ಥೆ ಅಂದ ಕೂಡ್ಲೆ ಮಂದಿ ಪೆಟ್ರೋಲಿನ ಬಾವಿ, ಅರಬ ದೇಶ, ಹೆಲಿಕಾಪ್ಟರು ಅಂತ ಎಲ್ಲೆಲ್ಲೋ ಹೋಗಿಬಿಡ್ತಾರ. ಅಷ್ಟ ದೂರ ಹೋಗಬ್ಯಾಡ್ರಿ. ನಮ್ಮದು ತಿನ್ನೋ ಎಣ್ಣಿ. ಕುಸುಬಿ, ಶೇಂಗಾ, ಸೂರ್ಯಕಾಂತಿ. ಕಲಬುರಗಿ ಬಾಜೂಕ ನಂದೂರಿನಾಗ, ಬ್ಯಾಳಿ ಗಿರಣಿಗಳ ನಡುವ ನಮ್ಮ ಫ್ಯಾಕ್ಟರಿ ಅದ. ಗಾಳಿ ಆ ಕಡಿಂದ ಬೀಸಿದ್ರ ತೊಗರಿ ಧೂಳು, ಈ ಕಡಿಂದ ಬೀಸಿದ್ರ ಹಿಂಡಿ ವಾಸನಿ.

ನನ್ನ ಕ್ಯಾಬಿನ್ ಬಾಗಲಕ್ಕ ‘ಸಿಇಒ’ ಅಂತ ಫಲಕ ಹಾಕ್ಯಾರ. ನಮ್ಮ ಕಡಿ ಸಿಇಒ ಅಂದ್ರ ಜಿಲ್ಲಾ ಪಂಚಾಯ್ತಿ ಸಾಹೇಬರು, ಮತ್ತ ಯಾರೂ ಅಲ್ಲ. ನಮ್ಮೂರು ಕಮಲಾಪುರದಿಂದ ಒಬ್ಬ ಮುದುಕ ನನ್ನ ಹುಡಕಿಕೊಂಡು ಬಂದು, ಸರ್ಕಾರದ ಮನಿ ಮಂಜೂರ ಮಾಡಿಕೊಡು ಅಂತ ಅರ್ಜಿ ಕೈಯಾಗ ಇಟ್ಟ. ನಾ ಎಣ್ಣಿ ಮಾರೋಕಿ ಕಾಕಾ, ನನ್ನ ಕೈಯಾಗ ಮನಿ ಎಲ್ಲಿಂದ ಬರಬೇಕು ಅಂದೆ. “ಹಾಂ, ಗೊತ್ತದ, ದೊಡ್ಡ ಮಂದಿ ಎಲ್ಲಾ ಹಿಂಗೇ ಅಂತಾರ” ಅಂತ ಅರ್ಜಿ ಅಲ್ಲೇ ಬಿಟ್ಟು ಹೋದ.

ಮಧ್ಯಾಹ್ನ ಭೋಂಗಾ ಹೊಡೀತದ, ಊಟದ ಹೊತ್ತು. ಕೆಳಗ ಬೇವಿನ ಗಿಡದ ನೆರಳಾಗ ಮಂದಿ ದುಂಡಕ ಕುಂತು ಡಬ್ಬಿ ಬಿಚ್ಚತಾರ. ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಗಿ, ಒಬ್ಬರ ಚಟ್ನಿ ಎಲ್ಲರಿಗೂ. ಮ್ಯಾಲ ಕ್ಯಾಬಿನ್ನಾಗ ಎಸಿ ಹಾಕಿಕೊಂಡು ನಾ ಒಬ್ಬಾಕಿ. ಕಿಡಕಿ ಗಾಜು ಭಾಳ ಛಲೋದು, ಅವರು ನಗೋದು ಕಾಣಸ್ತದ, ಕೇಳಸಂಗಿಲ್ಲ.

ನಾ ಇಲ್ಲಿ ಲ್ಯಾಬಿಗಿ ಸೇರಿದಾಗ ಬಿ.ಎಸ್ಸಿ. ಮುಗಿಸಿ ಸೀದಾ ಬಂದಿದ್ದೆ. ದಿನಾ ಕಮಲಾಪುರದಿಂದ ಬಸ್ಸಿನಾಗ ಬರೋದು, ಬಸ್ಸಿನಾಗ ಹೋಗೋದು. ನಮ್ಮದು ಗ್ವಾಡಿ ಮ್ಯಾಲ ಬುದ್ಧನ ಫೋಟೊ ಇರೋ ಮನಿ. ಅಪ್ಪ ಮಂದಿ ಹೊಲದಾಗ ಕೂಲಿ ಮಾಡ್ತಿದ್ದ. ಇಷ್ಟ ಹೇಳಿದ್ರ ಈ ಕಡಿಯವರಿಗಿ ಮುಂದಿಂದು ತಿಳೀತದ. ತಿಳೀದವರಿಗಿ ಹೇಳ್ತೀನಿ. ನಾ ಗಿಡದ ಕೆಳಗ ಹೋಗಿ ಕುಂತ್ರ ಯಾರೂ ಏಳು ಅನ್ನಲಿಲ್ಲ. ಸೆರಗು ಸರಿಸಿಕೊಂಡ್ರು, ಡಬ್ಬಿ ಸರಿಸಿಕೊಂಡ್ರು. ಒಬ್ಬಾಕಿಗಿ ಒಮ್ಮೆಲೆ ಆ ನೆರಳು ಬ್ಯಾಡಾಗಿ ಎದ್ದು ಆಚಿ ಹೋದ್ಲು. ಎಲ್ಲರ ಪಲ್ಯ ಎಲ್ಲರ ಕೈಗಿ ಹೋಗೋ ಕಡಿ ನನ್ನ ಡಬ್ಬಿ ನನ್ನ ಮುಂದೇ ಉಳೀತು. ಮರುದಿನದಿಂದ ನಾ ಲ್ಯಾಬಿನ ಹಿಂದ ಹೋಗಿ ಉಣ್ಣಾಕ ಶುರು ಮಾಡಿದೆ. ಅಳಲಿಲ್ಲ. ಸಿಟ್ಟು ಬಂದಿತ್ತು, ಸಿಟ್ಟಿನಾಗ ಒಣಾ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ ನೋಡ್ರಿ.

ಫ್ಯಾಕ್ಟರ್ಯಾಗ ಬೀಜ ಹಸನ ಮಾಡೋ ಹೆಣ್ಣಮಕ್ಕಳೊಳಗ ಒಬ್ಬಾಕಿ ನಮ್ಮೂರಾಕಿ ಇದ್ಲು. ಅದೇ ಬಸ್ಸಿಗಿ ಬರ್ತಿದ್ಲು. ನನಕಿಂತ ದೊಡ್ಡಾಕಿ ಅಂತ ನಾ ಅಕ್ಕ ಅಂತಿದ್ದೆ, ಆಕಿ ನನಗ ತಂಗಿ ಅಂತಿದ್ಲು. ಊರಾಗ ಅವರ ಓಣಿ ಬ್ಯಾರೆ, ನಮ್ಮ ಓಣಿ ಬ್ಯಾರೆ. ಆಕಿ ಬಾಯಿಗಿ ಲಗಾಮಿರಲಿಲ್ಲ. ಒಮ್ಮೆ ಮ್ಯಾನೇಜರ ಎಲ್ಲರಿಗೂ ನಿಂದರಿಸಿ ಬೈಯಾಕತ್ತಿದ್ದ. “ಸಾಹೇಬರ, ಪ್ಯಾಂಟ್ ಜಾರಾಕತ್ತದ ನೋಡ್ರಿ, ಮೊದಲ ಅದನ್ನ ಏರಿಸಿಕೋರಿ, ಬೈಯೋದು ಆಮ್ಯಾಲ ಬೈರಿ” ಅಂದ್ಲು. ಪಾಪ, ಆ ಮನಷ್ಯಾನ ಬೈಗಳ ಅಲ್ಲಿಗೇ ನಿಂತಿತು.

ಒಂದಿನ ಆಕಿ ಲ್ಯಾಬಿನ ಹಿಂದ ಬಂದ್ಲು. “ಏನ ತಂಗಿ, ಕದ್ದು ತಂದವರಂಗ ಇಲ್ಲಿ ಕುಂತು ಉಣ್ಣಾಕತ್ತಿ?” ಅಂತ ನನ್ನ ರಟ್ಟಿ ಹಿಡದು ಗಿಡದ ಕೆಳಗ ಎಳಕೊಂಡು ಹೋಗಿ, ತನ್ನ ಬಾಜೂಕ ಕುಂದರಿಸಿದ್ಲು. ನನ್ನ ಡಬ್ಬ್ಯಾಗ ಕೈ ಹಾಕಿ ಪುಂಡಿಪಲ್ಯ ತಗೊಂಡು, ತನ್ನ ರೊಟ್ಟಿಗಿ ಹಚ್ಚಿ ಬಾಯಾಗ ಇಟ್ಟು, ಬಸ್ಸಿನ ಕಂಡಕ್ಟರನ ಸುದ್ದಿ ಹೇಳಾಕ ಸುರು ಹಚ್ಚಿದ್ಲು. ಏನೂ ಆಗೇ ಇಲ್ಲ ಅನ್ನೋಹಂಗ. ಕೆಲವು ದಿನ ಆದ ಮ್ಯಾಲ ಇನ್ನೊಬ್ಬಾಕಿ ಕೈ ಹಾಕಿದ್ಲು, ಆಮ್ಯಾಲ ಮತ್ತೊಬ್ಬಾಕಿ. ಈ ಸುದ್ದಿ ಊರಿಗಿ ಹೋಗಿ ಅಕ್ಕನ ಅತ್ತಿಗಿ ಮುಟ್ಟಿ, ಅತ್ತಿ ಆಕಿಗಿ ಭಾಳ ದಿನ ಒಲಿ ಮುಟ್ಟಗೊಡಲಿಲ್ಲಂತ. ಅದನ್ನೂ ನಕ್ಕೋತ ಹೇಳಿದ್ಲು. “ಛಲೋನ ಆಯ್ತು ತಗೋ, ಕುಂತಲ್ಲಿಗೇ ಊಟ ಬರಾಕತ್ತದ.”

ಮುಂದ ನಾ ಮ್ಯಾಲ ಹೋದೆ. ಕೆಮಿಸ್ಟ್, ಕ್ವಾಲಿಟಿ, ಪ್ರೊಡಕ್ಷನ್, ಆಮ್ಯಾಲ ಇಡೀ ಫ್ಯಾಕ್ಟರಿ. ಎಪಿಎಂಸಿ ದಲಾಲರ ಜೋಡಿ ಕುಸುಬಿ ರೇಟಿಗಿ ಜಗಳಾಡಿದೆ, ಬ್ಯಾಂಕಿನವರ ಮುಂದ ತಾಸುಗಟ್ಟಲೆ ಕುಂತೆ, ಕೆಟ್ಟ ಬೀಜ ತಂದವರ ಲಾರಿ ಗೇಟಿನಿಂದನೇ ತಿರುಗಿಸಿದೆ. ಮಾಲಕರಿಗಿ ವಯಸ್ಸಾಯ್ತು, ಅವರ ಮಕ್ಕಳಿಗಿ ಎಣ್ಣಿ ವಾಸನಿ ಬ್ಯಾಡಾಗಿತ್ತು. ಹೈದರಾಬಾದಿನಾಗ ಒಂದ ಮೀಟಿಂಗ್ ಮಾಡಿ ನನ್ನ ಈ ಖುರ್ಚಿ ಮ್ಯಾಲ ಕುಂದರಿಸಿದ್ರು. ಯಾರೂ ನನಗಿದನ್ನ ಪುಕ್ಕಟ ಕೊಟ್ಟಿಲ್ಲ, ನಾಚಿಕೊಂಡು ಕುಂದರೋಕೀನೂ ನಾ ಅಲ್ಲ.

ಆ ಹುದ್ದಿಗಿ ಬಂದ ದಿನ ಮಧ್ಯಾಹ್ನ ಡಬ್ಬಿ ಹಿಡಕೊಂಡು ಗಿಡದ ಕೆಳಗ ಹೋದೆ. ಎಲ್ಲರೂ ಎದ್ದು ನಿಂತ್ರು. ಬಾಯಾಗ ತುತ್ತು ಇದ್ದವರು ಅಗೀಲಾರದೇ ನುಂಗಿದ್ರು. ಸೂಪರವೈಜರ ಓಡಿ ಹೋಗಿ ಖುರ್ಚಿ ತಂದ. ಬ್ಯಾಡ ಮಾರಾಯ ಅಂತ ನೆಲದ ಮ್ಯಾಲೇ ಕುಂತೆ. ಬಾಜೂಕಿದ್ದಾಕಿ ತನ್ನ ಡಬ್ಬಿ ಮುಚ್ಚಿ, “ನಮ್ಮದು ನಿಮಗ ಸೇರಂಗಿಲ್ರೀ ಮೇಡಮ್ಮೋರೆ, ಬರೇ ಖಾರ” ಅಂದ್ಲು. ಮರುದಿನ ನೋಡಿದ್ರ ಗಿಡದ ಕೆಳಗ ಒಂದ ಪಿಳ್ಳೀನೂ ಇಲ್ಲ, ಎಲ್ಲರೂ ಗೋದಾಮಿನ ಹಿಂದ ಹೋಗಿ ಬಿಸಿಲಾಗ ಉಣ್ಣಾಕತ್ತಾರ. ನಾ ಹೋಗೋದು ಬಿಟ್ಟೆ. ಅವರು ನೆರಳಿಗಿ ವಾಪಸ್ ಬಂದ್ರು. ಅಷ್ಟೊತ್ತಿಗಿ ಅಕ್ಕ ಮೊಣಕಾಲ ನೋವಿಗಿ ಕೆಲಸ ಬಿಟ್ಟು ಊರು ಸೇರಿದ್ಲು. ಆಕಿ ಇದ್ದಿದ್ರ ಏನಂತಿದ್ಲು ಅಂತ ನಾ ಭಾಳ ಸಲ ವಿಚಾರ ಮಾಡೀನಿ.

ಮೊದಲ ನನ್ನ ಜೋಡಿ ಉಣ್ಣಾಕ ಹೇಸತಿದ್ರು, ಈಗ ಅಂಜತಾರ. ಎರಡರ ನಡುವ ಫರಕ ಅದ, ನನಗೂ ಗೊತ್ತದ. ಹೇಸಿಕಿ ಅವಮಾನ, ಅಂಜಿಕಿ ಮರ್ಯಾದಿ. ಆದ್ರ ರೊಟ್ಟಿ ಮುರಿಯೋ ಹೊತ್ತಿಗಿ ಎರಡೂ ಅಷ್ಟೇ, ಬಾಜೂಕ ಯಾರೂ ಇರಂಗಿಲ್ಲ.

ಕಲಬುರಗಿ ಶಹಾಬಜಾರಿನ ನನ್ನ ಮನ್ಯಾಗೂ ಅದೇ ಹಾಡು. ಲಗ್ನ ಆಗಲಿಲ್ಲ. ಯಾಕ ಅಂತ ಕೇಳೋರು ಕೇಳಿ ಕೇಳಿ ದಣದಾರ, ನೀವು ಹೊಸದಾಗಿ ಶುರು ಮಾಡಬ್ಯಾಡ್ರಿ. ಅಡಗಿಯಾಕಿ ಮಾಡಿಟ್ಟು ಹೋಗ್ತಾಳ, ನಾ ಟಿವಿ ಹಚ್ಚಿ ಉಣ್ಣತೀನಿ. ಟಿವ್ಯಾಗಿನವರು ಜಗಳಾಡ್ತಾರ, ಮನ್ಯಾಗ ಅಷ್ಟರೆ ಮಾತು ಕೇಳ್ತದ.

ಈ ಚಳಿಗಾಲದಾಗ ಒಂದಿನ ತಡೀಲಾರದಂಗ ಆಯ್ತು. ಅಕ್ಕನ ಜೋಡಿ ಕುಂತು ಒಂದ ಸಲ ಉಣ್ಣಬೇಕು, ಬ್ಯಾರೆ ಏನೂ ಬ್ಯಾಡ ಅನಸ್ತು. ಆಕಿ ಒಬ್ಬಾಕಿ ನನ್ನ ಮೊದಲಿನಂಗ ಕಂಡ್ರ ಸಾಕು, ಉಳಿದವರು ಖುರ್ಚಿ ತರೋದಿದ್ರ ತರಲಿ. ಆಕಿ ಮಗ ನಮ್ಮಲ್ಲೇ ಪ್ಯಾಕಿಂಗಿನಾಗ ಅದಾನ. ಅವನಿಗಿ ಕರದು, ಐತವಾರ ನಿಮ್ಮ ಮನಿಗಿ ಬರ್ತೀನಪಾ, ನಿಮ್ಮವ್ವಗ ಹೇಳು ಅಂದೆ. ಅವನ ಮಾರಿ ಬಿಳಚಿಕೊಂಡಿತು. ನನಗ ಅಲ್ಲೇ ತಿಳೀಬೇಕಿತ್ತು.

ಐತವಾರ ಡ್ರೈವರಗ ಸೂಟಿ ಕೊಟ್ಟೆ. ಎಷ್ಟೋ ವರ್ಷದ ಮ್ಯಾಲ ನಾನೇ ಒಲಿ ಮುಂದ ನಿಂತು ಪುಂಡಿಪಲ್ಯ ಮಾಡಿದೆ. ಯಾವ ಡಬ್ಬ್ಯಾಗ ಏನದ ಅಂತ ನನಗೇ ಗೊತ್ತಿಲ್ಲ, ನನ್ನ ಮನಿ ಅಡಗಿಮನ್ಯಾಗ ನಾ ಬೀಗರ ಮನ್ಯಾಗ ಹುಡಕಾಡಿದಂಗ ಹುಡಕಾಡಿದೆ. ಪಲ್ಯ ಡಬ್ಬಿಗಿ ತುಂಬಿಕೊಂಡು, ಆಟೋ ಹಿಡದು ಬಸ್ ಸ್ಟ್ಯಾಂಡಿಗಿ ಹೋಗಿ, ಕಮಲಾಪುರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಸಣ್ಣ ಹುಡುಗಿಯಂಗ ಖುಷಿ ಆಗಿತ್ತು, ಸುಳ್ಳ ಯಾಕ ಹೇಳಲಿ.

ಅಕ್ಕನ ಮನ್ಯಾಗ ನನಗಾಗಿ ಒಂದ ಖುರ್ಚಿ ಹಾಕಿ, ಅದರ ಮ್ಯಾಲ ಹೊಸಾ ಟಾವೆಲ್ ಹಾಸಿದ್ರು. ಮುಂದ ಸ್ಟೂಲು, ಸ್ಟೂಲಿನ ಮ್ಯಾಲ ಅಂಗಡಿಂದ ತಂದ ನೀರಿನ ಬಾಟ್ಲಿ. ಅಕ್ಕನ ತಲಿ ಪೂರಾ ಬೆಳ್ಳಗಾಗಿತ್ತು. ಎರಡೂ ಕೈ ಮುಗಿದು “ಬರ್ರಿ ಮೇಡಮ್ಮೋರೆ” ಅಂದ್ಲು. ನಾ ನಿನ್ನ ತಂಗಿ ಅಕ್ಕಾ ಅಂದೆ. “ಅದು ಖರೇನರೀ” ಅಂದು ಮಗನ ಮಾರಿ ನೋಡಿದ್ಲು. ಅವ ಫ್ಯಾಕ್ಟರ್ಯಾಗ ನನ್ನ ಮುಂದ ನಿಂತಂಗೇ ಕೈ ಕಟ್ಟಿಕೊಂಡು ಬಾಗಲದಾಗ ನಿಂತಿದ್ದ.

ಹೋಳಗಿ, ರೊಟ್ಟಿ, ಎಣ್ಣಿಗಾಯಿ, ಅನ್ನ, ಸಾರು ಎಲ್ಲಾ ಬಂತು, ಒಬ್ಬಾಕಿಗೇ ಒಂದ ತಾಟು. “ನೀವು ಉಣ್ರಿ, ನಮ್ಮದು ಆಮ್ಯಾಲ.” ನಾ ಖುರ್ಚಿ ಬಿಟ್ಟು ನೆಲದ ಮ್ಯಾಲ ಕುಂತು ಡಬ್ಬಿ ಬಿಚ್ಚಿದೆ. ನಿನ್ನ ಜೋಡಿ ಉಣ್ಣಾಕ ಬಂದೀನಿ ಅಕ್ಕಾ, ನೀ ಕುಂದರಲಿಲ್ಲ ಅಂದ್ರ ನಾನೂ ಉಣ್ಣಂಗಿಲ್ಲ ಅಂದೆ. ನನ್ನ ದನಿ ಏರಿತ್ತು, ಆಫೀಸಿನಾಗ ಏರಿದಂಗ. “ಯವ್ವಾ, ಮೇಡಮ್ಮೋರು ಹೇಳಾಕತ್ತಾರ, ಕುಂದ್ರು” ಅಂದ ಮಗ. ಅಕ್ಕ ಮೊಣಕಾಲ ಹಿಡಕೊಂಡು ಮೆಲ್ಲಕ ಕುಂತ್ಲು. ಮಗ ಹೇಳಿದ ಅಂತ ಕುಂತ್ಲು, ಅದು ನನಗ ಕಾಣಸ್ತು. ಕಂಡ್ರೂ ಕಾಣದಂಗ ಮಾಡಿದೆ.

ಡಬ್ಬಿ ಆಕಿ ಕಡಿ ದೂಡಿದೆ. ಆಕಿ ತುದಿಬಟ್ಟಿನಾಗ ಇಷ್ಟ ಪಲ್ಯ ತಗೊಂಡು, ರೊಟ್ಟಿಗಿ ಹಚ್ಚಿ ಬಾಯಾಗ ಇಟ್ಲು. ಅಗದ್ಲು. ನಾ ಆಕಿ ಮಾರೀನೇ ನೋಡಾಕತ್ತಿದ್ದೆ. ನಾನೇ ಮಾಡೀನಿ, ಹೆಂಗ ಆಗೇದ ಹೇಳು ಅಂದೆ.

“ಭಾಳ ಛಲೋ ಆಗೇದರೀ ಮೇಡಮ್ಮೋರೆ. ಎಲ್ಲಾ ಬರೋಬ್ಬರಿ ಅದ.”

ಆಗ ನಾನೂ ಒಂದ ತುತ್ತು ಬಾಯಾಗ ಇಟ್ಟೆ. ಪಲ್ಯಕ್ಕ ಉಪ್ಪೇ ಹಾಕಿರಲಿಲ್ಲ. ಒಂದ ಹಳ್ಳು ಸೈತ ಇಲ್ಲ, ಪೂರಾ ಮರತಿದ್ದೆ. ತಲಿ ಎತ್ತಿ ಅಕ್ಕಗ ನೋಡಿದೆ. ಆಕಿ ತನ್ನ ರೊಟ್ಟಿ ನೋಡ್ಕೋತ ಇನ್ನೊಂದ ತುತ್ತು ಮಾಡಾಕತ್ತಿದ್ಲು.

ಉಪ್ಪು ಅಲ್ಲೇ ತಾಟಿನ ಅಂಚಿಗಿ ಇತ್ತು. ನಾ ಮುಟ್ಟಲಿಲ್ಲ, ಆಕಿ ಕೊಡಲಿಲ್ಲ. ಇಬ್ಬರೂ ಕೂಡಿ ಆ ಸಪ್ಪನ ಪಲ್ಯ ಪೂರ್ತಿ ಉಂಡಿವಿ.