ಎಂಟಿಲ್ಲದ ಸಂಖ್ಯೆ

ಅವ್ವ ಬೆಳಗ್ಗೆ ನಮ್ಮನ್ನು ಎಣಿಕೆ ಹಾಕಿ ಎಬ್ಬಿಸುತ್ತಿದ್ದಳು. "ಐದ, ಆರ, ಏಳ!" ಎಂದ ಕೂಡಲೇ ನಾನೂ ತಂಗಿಯೂ ಹಾಸಿಗೆಯಿಂದ ಜಿಗಿದು ಏಳಬೇಕು. ಎಂಟರ ಹೊತ್ತು ಏಳುವುದರಲ್ಲೇ ಕಳೆದುಹೋಗುತ್ತಿತ್ತು. ಅವ್ವ ಕೌದಿ ಮಡಚುತ್ತ ನೇರವಾಗಿ "ಒಂಬತ್ತ" ಅನ್ನುತ್ತಿದ್ದಳು.

ಕನ್ನಡದ ಈ ಚೇಷ್ಟೆ ಪುಣೆಯ ಮರಾಠಿ ಶಾಲೆಗೆ ಹೇಗೆ ಗೊತ್ತಾಗಬೇಕು? ತೊಂಬತ್ತರ ದಶಕದ ಮಾತು. ಒಂದನೆಯ ತರಗತಿಯಲ್ಲಿದ್ದ ತಂಗಿ ಶಿಕ್ಷಕಿಯ ಮುಂದೆ ಎಣಿಸುತ್ತ, "ಸಾತ್" ಎಂದವಳೇ ಎಂಟನ್ನು ನುಂಗಿ "ನವೂ" ಅಂದುಬಿಟ್ಟಳು. ತರಗತಿಯೆಲ್ಲ ನಕ್ಕಿತು. ಮರುದಿನ ಮತ್ತೆ ಅದೇ ತಪ್ಪು, ಅದೇ ನಗು. ಆಮೇಲೆ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು, ಶಾಲೆಗೆ ಹೋಗಲೇ ಇಲ್ಲ. ಬೈದರೂ ಇಲ್ಲ, ಬೆಲ್ಲ ಕೊಟ್ಟರೂ ಇಲ್ಲ. ಹುಡುಗಿಯ ಓದು ಇಷ್ಟಕ್ಕೇ ಮುಗಿಯಿತೆಂದು ಅವ್ವ ಅತ್ತೇ ಬಿಟ್ಟಳು.

ಅಪ್ಪ ತಳೇಗಾಂವದ ಕಾರ್ಖಾನೆಯಲ್ಲಿ ಗುಮಾಸ್ತ. ಸಂಜೆ ಬಂದವನು ಪಾಟಿ ಹಿಡಿದು ತಂಗಿಯ ಎದುರು ಕೂತ.

"ನೀ ಹೆಂಗ ಎಣಸ್ತೀ, ಹಂಗ ಹೇಳವಾ. ನಾ ಬರ್ಕೋತೀನಿ."

ಅವಳು ಬಿಕ್ಕುತ್ತ ಹೇಳಿದಳು. ಅವನು ಅಂಕಿಗಳನ್ನು ಒತ್ತೊತ್ತಾಗಿ ಬರೆದ: 12345679. ಒಂದು ಕೋಟಿ ಇಪ್ಪತ್ತಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ತಂಗಿಯ ತಪ್ಪು ಕೋಟಿ ದಾಟಿತ್ತು!

"ಇದನ್ನ ಒಂಬತ್ತರಿಂದ ಗುಣಸು," ಎಂದು ಅಪ್ಪ ಪಾಟಿಯನ್ನು ನನ್ನ ಕಡೆ ತಳ್ಳಿದ.

ಮಗ್ಗಿಯಲ್ಲಿ ನಾನು ಜೋರು; ಗಟ್ಟಿಯಾಗಿ ಹೇಳುತ್ತಲೇ ಗುಣಿಸಿದೆ. ಒಂಬತ್ತೊಂಬತ್ತಲೆ ಎಂಬತ್ತೊಂದು. ಒಂದು ಬರೆದೆ, ಕೈಯಲ್ಲಿ ಎಂಟು. ಒಂಬತ್ತೇಳಲೆ ಅರವತ್ತಮೂರು, ಎಂಟು ಸೇರಿ ಎಪ್ಪತ್ತೊಂದು. ಮತ್ತೆ ಒಂದು! ಮುಂದೆ ಅರವತ್ತೊಂದು, ಐವತ್ತೊಂದು, ನಲವತ್ತೊಂದು. ನನ್ನ ಬಳಪ ಇನ್ನೂ ಬೇಗ ಓಡಿತು. ಕೊನೆಗೆ ಪಾಟಿಯ ಮೇಲೆ ನಿಂತದ್ದು 111111111. ಬರೀ ಒಂದುಗಳು. ಒಂದೂ ಬೇರೆ ಅಂಕಿಯಿಲ್ಲ. ನನಗೆ ಮೈ ಜುಮ್ಮೆಂದಿತು. ಯಾರು ಹೀಗೆ ಜೋಡಿಸಿಟ್ಟರು? ಯಾರೂ ಇಲ್ಲ. ನಾವು ಹುಟ್ಟುವ ಮೊದಲೂ ಅದು ಹಾಗೆಯೇ ಇತ್ತು. ದೇವರ ಕೋಣೆಯಲ್ಲೂ ನನಗೆ ಅಂಥ ಭಕ್ತಿ ಬಂದಿರಲಿಲ್ಲ.

ಅಪ್ಪ ತಂಗಿಗೆ, "ನೋಡು, ನಿನ್ನ ಎಣಿಕಿ ಎಷ್ಟ್ ಚಂದ ಅದ," ಎಂದ.

ಅವಳಿಗೆ ಒಂದುಗಳ ಸಾಲು ಬೇಕಾಗಿರಲಿಲ್ಲ. ಅವಳು ನನ್ನ ಎಡಗೈಯ ಬೆರಳುಗಳನ್ನು ಬಿಡಿಸಿ ನೋಡುತ್ತಿದ್ದಳು.

"ಅಕ್ಕಾ, 'ಕೈಯಾಗ ಎಂಟ' ಅಂದಿ. ಎಲ್ಲಿ ಅದ?"

"ಅದನ್ನ ಕೂಡಿಸೇನಿ. ಅದಿಲ್ಲಂದ್ರ ಈ ಒಂದುಗಳು ಬರೂದೇ ಇಲ್ಲ," ಎಂದೆ.

ಬರೀ ಒಂದುಗಳೇ ಬರುವುದು ಯಾಕೆಂದು ದೊಡ್ಡವಳಾದ ಮೇಲೆ ಕಲಿತೆ. ಕಾರಣ ತಿಳಿದರೆ ಬೆರಗು ಇಳಿಯುತ್ತದೆ ಅನ್ನುತ್ತಾರೆ. ನನಗಂತೂ ಇಳಿದಿಲ್ಲ.

ಮರುದಿನ ತಂಗಿ ತಾನಾಗಿಯೇ ಪಾಟಿಚೀಲ ಹೆಗಲಿಗೇರಿಸಿಕೊಂಡಳು. ಬಿಟ್ಟುಬರಲು ಹೋದ ನಾನು ಅವಳ ತರಗತಿಯ ಕಿಟಕಿಯ ಬಳಿ ನಿಂತೆ. "ಸಾತ್" ಎಂದು ಅವಳು ತಡೆದಳು. ಹುಡುಗರು ನಗಲು ಬಾಯಿ ತೆರೆದಾಗಿತ್ತು. ಅವಳ ಒಂದು ಕೈ ಬಿಗಿಯಾಗಿ ಮುಚ್ಚಿತ್ತು. ಮುಷ್ಟಿಯಲ್ಲಿ ಏನಿದೆಯೆಂದು ಶಿಕ್ಷಕಿ ಮರಾಠಿಯಲ್ಲಿ ಕೇಳಿದರು.

ತಂಗಿ ಕೈ ಬಿಚ್ಚಿ ತೋರಿಸಿ, "ಆಠ್," ಅಂದಳು.