ತಡವೋ, ಕಡಿಮೆಯೋ

ನಮ್ಮ ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ. ಮೈಸೂರಿನಲ್ಲಿ ಮೀನಿನ ಅಂಗಡಿಯಿರುವ ರಸ್ತೆ ಬಂದರೆ ನನ್ನಮ್ಮ ಸೆರಗನ್ನು ಮೂಗಿಗೆ ಹಿಡಿದು ಆಚೆ ಬದಿಗೆ ದಾಟುತ್ತಿದ್ದಳು. ಅಂಥ ಅಮ್ಮನ ಮಗಳಿಗೆ, ಟೆಕ್ಸಸ್‌ನ ಬಿಸಿಲಲ್ಲಿ ಕೂತು, ದೇಶದ ವಾಯವ್ಯ ಮೂಲೆಯ ಒಂದು ಹೊಳೆಗೆ ಈ ಸಲ ಸಾಲ್ಮನ್ ಮೀನು ಎಷ್ಟು ಬರಬಹುದೆಂದು ಹೇಳುವ ಕೆಲಸ ಗಂಟುಬಿತ್ತು. ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಮನೆ ರೌಂಡ್ ರಾಕ್‌ನಲ್ಲಿ, ಆಫೀಸು ಆಸ್ಟಿನ್‌ನಲ್ಲಿ. ಅಂದಾಜು ಕಟ್ಟಿಕೊಡುವುದೇ ನಮ್ಮ ಚಿಕ್ಕ ಕಂಪನಿಯ ಕಸುಬು. ಅಲ್ಲಿಯವರೆಗೆ ಯಾವ ಅಂಗಡಿಯಲ್ಲಿ ಯಾವ ವಾರ ಎಷ್ಟು ಐಸ್‌ಕ್ರೀಮ್ ಖರ್ಚಾಗುತ್ತದೆ ಎಂದು ಹೇಳಿಕೊಂಡು ನಾನು ಹಾಯಾಗಿದ್ದೆ. ಐಸ್‌ಕ್ರೀಮಿನ ಅಂದಾಜು ತಪ್ಪಿದರೆ ಯಾರ ಮನೆಯೂ ಮುಳುಗುವುದಿಲ್ಲ.

ಮೀನಿನ ಕೆಲಸ ಹಾಗಲ್ಲ. ಆ ಹೊಳೆಯ ದಂಡೆಯಲ್ಲಿ ತಲೆತಲಾಂತರದಿಂದ ಇರುವ ಮೂಲನಿವಾಸಿ ಬುಡಕಟ್ಟಿಗೆ ಅಲ್ಲಿ ಮೀನು ಹಿಡಿಯುವ ಹಕ್ಕಿದೆ. ಹಳೆಯ ಒಪ್ಪಂದದಲ್ಲಿ ಸರ್ಕಾರವೇ ಒಪ್ಪಿಕೊಂಡ ಹಕ್ಕು ಅದು. ಪ್ರತಿ ವಸಂತದಲ್ಲಿ ಸಾಲ್ಮನ್‌ಗಳು ಕಡಲಿನಿಂದ ಹೊಳೆಯೇರಿ, ತಾವು ಹುಟ್ಟಿದ ಜಾಗಕ್ಕೆ ಮೊಟ್ಟೆಯಿಡಲು ಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು ಸಾಕಣೆ ಕೇಂದ್ರದ ತೊಟ್ಟಿಯಲ್ಲಿ ಹುಟ್ಟಿದವು. ಹೊಳೆಯಲ್ಲೇ ಹುಟ್ಟಿದವು ಅಳಿವಿನಂಚಿಗೆ ಬಂದಿವೆ, ಅವನ್ನು ಕಾನೂನು ಕಾಯುತ್ತದೆ. ಸಾಕಿದವುಗಳ ಬೆನ್ನಿನ ಒಂದು ಸಣ್ಣ ರೆಕ್ಕೆ ಕತ್ತರಿಸಿರುವುದರಿಂದ ಎಣಿಸುವವರಿಗೆ ಗುರುತು ಸಿಗುತ್ತದೆ, ಬಲೆಗೆ ಮಾತ್ರ ಈ ಭೇದ ತಿಳಿಯದು. ಅದಕ್ಕೇ, ಹೊಳೆಯ ಮೀನು ಒಂದು ಸಣ್ಣ ಪಾಲಿಗಿಂತ ಹೆಚ್ಚು ಸಾಯಬಾರದೆಂಬ ಮಿತಿ. ಆ ಪಾಲು ಎಷ್ಟೆಂಬುದು ಒಟ್ಟು ಎಷ್ಟು ಮೀನು ಬಂತು ಎಂಬುದರ ಮೇಲೆ ನಿಂತಿದೆ. ಒಟ್ಟು ಎಷ್ಟು ಬಂತೆಂದು ಗೊತ್ತಾಗುವುದು ಎಲ್ಲವೂ ಬಂದು ಹೋದ ಮೇಲೆ. ಅಲ್ಲಿಯವರೆಗೆ ಕಾದರೆ ಹಿಡಿಯುವುದಕ್ಕೆ ಮೀನೆಲ್ಲಿರುತ್ತದೆ? ಹಾಗಾಗಿ ಅಣೆಕಟ್ಟಿನ ಬಳಿ ದಿನವೂ ಎಣಿಸಿದ್ದನ್ನು ಹಳೆಯ ವರ್ಷಗಳ ಜೊತೆ ಹೋಲಿಸಿ, ಮುಂದೆ ಎಷ್ಟು ಬಂದೀತೆಂದು ನಾನು ಅಂದಾಜು ಕಳಿಸಬೇಕು. ಅದನ್ನಿಟ್ಟುಕೊಂಡು ಬಲೆ ಹಾಕಲು ಬಿಡುವುದೋ ಬೇಡವೋ ಎಂದು ಬುಡಕಟ್ಟಿನ ಮೀನುಗಾರಿಕೆ ಅಧಿಕಾರಿ ತೀರ್ಮಾನಿಸಬೇಕು.

ಆ ಅಧಿಕಾರಿ ಅದೇ ಬುಡಕಟ್ಟಿನ ಹೆಂಗಸು, ನನಗಿಂತ ಸಾಕಷ್ಟು ಹಿರಿಯರು. ಚಳಿಗಾಲದಲ್ಲಿ ಯಾವುದೋ ಸಮ್ಮೇಳನಕ್ಕೆಂದು ಅವರು ಹ್ಯೂಸ್ಟನ್‌ಗೆ ಬಂದಾಗ ಡ್ರೈವ್ ಮಾಡಿಕೊಂಡು ಹೋಗಿ ಭೇಟಿಯಾಗಿದ್ದೆ. ಹೋಟೆಲಿನ ಮೆನುವಿನಲ್ಲಿ ಸಾಲ್ಮನ್ ಇತ್ತು. ಅವರು ಅದರ ಮೇಲೆ ಬೆರಳಿಟ್ಟು, "ಇದು ಹೊಳೆಯನ್ನೇ ಕಂಡಿಲ್ಲ" ಎಂದು ಹೇಳಿ, ನನ್ನ ಹಾಗೆಯೇ ಹುರಿದ ಆಲೂಗಡ್ಡೆ ತರಿಸಿಕೊಂಡರು. ನಾನು ಮೀನು ತಿನ್ನುವವಳಲ್ಲ ಎಂದು ಹೇಳಲು ಒಳಗೊಳಗೇ ಅಳುಕಿತ್ತು. ಹೇಳಿಯೇಬಿಟ್ಟೆ.

"ಒಳ್ಳೆಯದೇ ಆಯಿತು," ಅಂದರು. "ನಿನಗೆ ಆಸೆಯಿಲ್ಲ. ಲೆಕ್ಕ ನೆಟ್ಟಗೆ ಬರುತ್ತದೆ."

ವಸಂತ ಬಂತು, ಮೀನು ಬರಲಿಲ್ಲ. ದಿನಾ ಬೆಳಿಗ್ಗೆ ಅಣೆಕಟ್ಟಿನವರು ಹಿಂದಿನ ದಿನದ ಎಣಿಕೆ ಹಾಕುತ್ತಾರೆ. ಎದ್ದ ಕೂಡಲೇ ಅದನ್ನು ನೋಡುವುದು, ಹಲ್ಲುಜ್ಜುತ್ತಾ ಮತ್ತೆ ನೋಡುವುದು, ಹೈವೇಯಲ್ಲಿ ಟ್ರಾಫಿಕ್ ನಿಂತರೆ ಮತ್ತೊಮ್ಮೆ. ಒಮ್ಮೆ ಹಾಕಿದ ಎಣಿಕೆ ಮಧ್ಯಾಹ್ನಕ್ಕೆ ಬದಲಾಗುವುದಿಲ್ಲ ಎಂದು ಗೊತ್ತಿದ್ದೂ ಬೆರಳು ಸುಮ್ಮನಿರುತ್ತಿರಲಿಲ್ಲ. ಎಣಿಕೆ ತೀರಾ ಕಡಿಮೆ. ಅದಕ್ಕೆ ಎರಡೇ ಅರ್ಥ. ಈ ವರ್ಷ ಮೀನು ತಡವಾಗಿದೆ, ಇಲ್ಲವೇ ಈ ವರ್ಷ ಮೀನೇ ಕಡಿಮೆ. ತಡವಾಗಿದ್ದರೆ ಬಲೆ ಹಾಕಬಹುದು. ಕಡಿಮೆಯಿದ್ದರೆ ಒಂದು ಬಲೆ ಇಳಿದರೂ ಹೊಳೆಯ ಮೀನಿಗೆ ಕೊಡಲಿ ಪೆಟ್ಟು. ಎಣಿಕೆಯನ್ನಷ್ಟೇ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ, ಅದೇ ತಲೆನೋವು.

ಆಗ ನನ್ನ ಅತ್ತೆ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದರು. ಮೊದಮೊದಲು ಅಡುಗೆಮನೆಯಲ್ಲಿ ಮೀನು ಎಂಬ ಶಬ್ದವನ್ನೇ ಎತ್ತಗೊಡುತ್ತಿರಲಿಲ್ಲ.

"ಸಂಧ್ಯಾವಂದನಿ ಮಾಡೋರ ಮನಿ ಸೊಸಿ, ಮೀನಾ ಎಣಸ್ಕೋತ ಕುಂತಾಳ," ಎಂದು ಊರಿನವರೊಂದಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಅವರಿಗೂ ನನ್ನ ಚಡಪಡಿಕೆ ಅಂಟಿಕೊಂಡಿತು. ಚಹಾ ಲೋಟ ಕೈಗೆ ಕೊಡುವಾಗಲೇ ಕೇಳುತ್ತಿದ್ದರು.

"ಇವತ್ತರ ಬಂದುವೇನ?"

"ಇಲ್ಲ ಅತ್ತೆ."

"ಅವ್ವಾ, ಎಲ್ಲಿ ಹೋದುವೋ ಏನೋ."

ಆ ವಾರವೇ ಅಧಿಕಾರಿಯ ಫೋನು ಬಂತು. ಯಾವಾಗಲೂ ಲೆಕ್ಕದ ಮಾತನ್ನಷ್ಟೇ ಆಡುವವರು ಅಂದು ಸ್ವಲ್ಪ ತಡೆದು ಹೇಳಿದರು. ಅವರ ಅಮ್ಮ ತೀರಿಕೊಂಡು ಬರುವ ವಾರದ ಕೊನೆಗೆ ವರ್ಷ ತುಂಬುತ್ತಿತ್ತು. ವರ್ಷವಿಡೀ ಅವರು ಹೊಳೆಗಿಳಿದಿಲ್ಲ, ಹಬ್ಬಕ್ಕೆ ಹೋಗಿಲ್ಲ, ಕೂಟದಲ್ಲಿ ಹಾಡಿಲ್ಲ. ವರ್ಷದ ದಿನ ಸಮಾಧಿಗೆ ಕಲ್ಲು ನಿಲ್ಲಿಸಿ, ಅಮ್ಮನ ವಸ್ತುಗಳನ್ನು ಹಂಚಿ, ಬಂದವರಿಗೆಲ್ಲ ಊಟ ಹಾಕಿದರೆ ಸೂತಕ ಕಳೆದ ಹಾಗೆ. ಆ ಊಟಕ್ಕೆ ಆ ವಸಂತದಲ್ಲಿ ತಮ್ಮ ಹೊಳೆಗೆ ಬಂದ ಮೀನೇ ಆಗಬೇಕು. ಹೋದ ವರ್ಷದ್ದನ್ನು ಫ್ರೀಜರಿನಿಂದ ತೆಗೆದು ಬಡಿಸುವುದು ಅವರ ಮನೆಯಲ್ಲಿ ಇಲ್ಲ. ವಿಧಿಗೆಂದು ಹಿಡಿಯುವ ಮೀನೂ ಅದೇ ಮಿತಿಯೊಳಗೆ ಬರಬೇಕು. ಮೊದಲ ಮೀನಿನ ಹಬ್ಬಕ್ಕೆ, ಬೇರೆ ಮನೆಗಳ ಸಾವಿನ ಊಟಕ್ಕೆ ಆಗಲೇ ಒಂದಷ್ಟು ಹಿಡಿದಾಗಿತ್ತು. ಮೀನು ನಿಜಕ್ಕೂ ಕಡಿಮೆಯಾಗಿದ್ದರೆ ಮಿತಿ ಮುಗಿದಂತೆಯೇ.

"ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ," ಎಂದರು. ಏನನ್ನೂ ಕೇಳಲಿಲ್ಲ.

ನನ್ನದು ಮೊದಲೇ ದುಡುಕು ಬಾಯಿ. ಯಾರ ಕಷ್ಟ ಕೇಳಿದರೂ ಪರಿಹಾರ ಕೈಯಲ್ಲಿಟ್ಟರೇ ಸಮಾಧಾನ. "ಹಾಗಿದ್ದರೆ ಎರಡು ಮೂರು ವಾರ ಮುಂದಕ್ಕೆ ಹಾಕಿಬಿಡಿ," ಅಂದೆ. "ನಾವು ಇಲ್ಲಿ ಎಲ್ಲವನ್ನೂ ಶನಿವಾರಕ್ಕೆ ಹಾಕಿಕೊಳ್ಳುತ್ತೇವೆ. ಹಬ್ಬ ಯಾವತ್ತಾದರೂ ಇರಲಿ, ಸ್ಕೂಲಿನ ಹಾಲ್ ಸಿಕ್ಕಿದ ದಿನವೇ ಹಬ್ಬ."

"ಜನ ಹೋದ ವರ್ಷವೇ ದಿನ ಕೇಳಿಕೊಂಡು ಹೋಗಿದ್ದಾರೆ," ಎಂದಷ್ಟೇ ಹೇಳಿ, ಮಾತನ್ನು ಎಣಿಕೆಯ ಕಡೆಗೆ ತಿರುಗಿಸಿದರು.

ಆ ಶನಿವಾರ ಡಾಲಸ್ ಕಡೆಗೆ ಹೊರಟಿದ್ದೆವು. ಕಾಪೆಲ್‌ನಲ್ಲಿ ಯುಗಾದಿ, ಪಂಚಾಂಗದ ಯುಗಾದಿ ಮುಗಿದು ಎಷ್ಟೋ ದಿನಗಳಾದ ಮೇಲೆ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ಹೋಳಿಗೆ ಡಬ್ಬಿ. ದಾರಿಯುದ್ದಕ್ಕೂ ನಾನು ಈ ಕಥೆ ಹೇಳಿದೆ, ನನ್ನ ಸಲಹೆಯನ್ನೂ ಸೇರಿಸಿ. ಅತ್ತೆ ಮುಖ ಗಂಟಿಕ್ಕಿಕೊಂಡರು.

"ಹಬ್ಬ ಶನಿವಾರ ಮಾಡ್ರಿ, ಬ್ಯಾಡನ್ನಂಗಿಲ್ಲ. ಸತ್ತೋರ ದಿನಾ ಹಾಲ್ ನೋಡ್ಕೊಂಡು ಬರ್ತದೇನ? ಆ ಹೆಣ್ಮಗಳಿಗೆ ಹಂಗ ಹೇಳಬಾರದಿತ್ತವಾ."

"ನಾನು ಸಹಾಯ ಮಾಡೋಣ ಅಂತ ಹೇಳಿದ್ದು ಅತ್ತೆ."

"ಸಹಾಯ ಮಾಡೂದಿದ್ರ ಆ ಮೀನಾ ಹುಡುಕಿ ಕೊಡು."

ಹುಡುಕಿಯೇಬಿಟ್ಟೆ. ಸೋಮವಾರ ಆಫೀಸಿಗೆ ಹೋದವಳು ಹೊಳೆಯ ನೀರಿನ ಬಿಸಿ ತಂಪಿನ ಅಳತೆಗಳನ್ನು ತೆಗೆದು ಕೂತೆ. ಆ ವರ್ಷ ನೀರು ಮಾಮೂಲಿಗಿಂತ ತಣ್ಣಗಿತ್ತು. ನೀರು ತಣ್ಣಗಿದ್ದರೆ ಮೀನು ಅಣೆಕಟ್ಟಿನ ಕೆಳಗೇ ನಿಂತು ಕಾಯುವುದುಂಟು. ಈ ಅಳತೆಯನ್ನು ಲೆಕ್ಕಕ್ಕೆ ಸೇರಿಸಿದ್ದೇ ತಡ, ಅಂದಾಜು ಮೇಲೇರಿತು. ತಡವಾಗಿದೆ, ಕಡಿಮೆಯಲ್ಲ. ಮಿತಿಯೊಳಗೆ ಇನ್ನೂ ಜಾಗವಿದೆ, ಬಲೆ ಹಾಕಬಹುದು. ಸಂತೋಷಕ್ಕೆ ಕುರ್ಚಿಯಲ್ಲಿ ಕೂರಲಾಗದೆ ಹೊರಗೆ ಪಾರ್ಕಿಂಗ್ ಜಾಗದಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಅವರಿಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಚಳಿಗಾಲದಲ್ಲಿ ಲೆಕ್ಕದ ದಾರಿ ಇದೇ ಎಂದು ಇಬ್ಬರೂ ಒಪ್ಪಿಕೊಂಡಾಗ ನೀರಿನ ಅಳತೆ ಯಾಕೆ ಸೇರಿಸಲಿಲ್ಲ?"

"ಹಳೆಯ ವರ್ಷಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದೆ. ಎಷ್ಟು ಸಲ ಸರಿ ಬರುತ್ತಿತ್ತೋ ಅಷ್ಟೇ ಸಲ ದಾರಿ ತಪ್ಪಿಸುತ್ತಿತ್ತು."

"ಮತ್ತೆ ಈಗ?"

ಓಡಾಡುತ್ತಿದ್ದವಳು ಅಲ್ಲೇ ನಿಂತೆ.

"ನನ್ನಮ್ಮ ಅಂತ ಸೇರಿಸಿದ್ದೀಯ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೇಲಿನ ಹಳ್ಳಿಯ ಯಾರೋ ಒಬ್ಬಳ ಅಮ್ಮ ಆಗಿದ್ದರೆ ಸೇರಿಸುತ್ತಿದ್ದೆಯಾ? ಹಳೆಯ ಲೆಕ್ಕವನ್ನೇ ಕಳಿಸು."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಕಟ್ಟುನಿಟ್ಟು ಯಾರನ್ನು ಉದ್ಧಾರ ಮಾಡಲಿಕ್ಕೆ? ಹೊಳೆಗೆ ಅಣೆಕಟ್ಟು ಕಟ್ಟಿ ಮೀನಿನ ದಾರಿ ಅಡ್ಡಹಾಕಿದವರು ಇವರಲ್ಲ. ಆ ವಿದ್ಯುತ್ತಿನಲ್ಲಿ ಮನೆ ಬೆಳಗಿಸಿಕೊಂಡವರು ಯಾರೂ ತಮ್ಮ ಅಮ್ಮನ ಊಟದಲ್ಲಿ ಒಂದು ತುತ್ತು ಬಿಟ್ಟುಕೊಡಲಿಲ್ಲ. ಇದನ್ನೇ ಸ್ವಲ್ಪ ಒರಟಾಗಿ ಹೇಳಿಯೂಬಿಟ್ಟೆ.

"ಗೊತ್ತು," ಅಂದರು. "ನನ್ನಮ್ಮನೂ ಹೀಗೇ ಬೈಯುತ್ತಿದ್ದಳು. ಆದರೆ ಹೊಳೆಯ ಮೀನು ಹೋದರೆ, ಅದು ಯಾರ ತಪ್ಪಿನಿಂದ ಹೋದರೂ, ಹೋಗುವುದು ನಮ್ಮ ಮನೆಯಿಂದಲೇ."

ಹಳೆಯ ಲೆಕ್ಕ ಕಳಿಸಿದೆ. ಅದು ಕಡಿಮೆ ಎಂದಿತು. ಮಾರನೆಯ ದಿನ ಬಲೆ ಹಾಕಬಾರದೆಂಬ ಆದೇಶ ಅವರ ಹೆಸರಿನಲ್ಲೇ ಹೊರಟಿತು.

ಅವರ ಅಮ್ಮನ ದಿನ ನಾನು ಇದ್ದಲ್ಲಿ ಇರಲಾರದೆ ಒದ್ದಾಡಿದೆ. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದೆ. ಬೇಕಿಲ್ಲದಿದ್ದರೂ ಇಂಡಿಯನ್ ಅಂಗಡಿಗೆ ಹೋಗಿ ಕರಿಬೇವು ತಂದೆ. ಅತ್ತೆ ಅಂದು ಎಣಿಕೆಯ ವಿಷಯ ಕೇಳಲಿಲ್ಲ. ದೇವರ ಮುಂದೆ ಯಾವತ್ತಿಗಿಂತ ಹೆಚ್ಚು ಹೊತ್ತು ಕೂತಿದ್ದು, ಎದ್ದು ಬಂದು, "ಆಕಿ ಅಲ್ಲೆ ಏನ ಬಡಿಸಿರಬೇಕು?" ಎಂದರು. ಜಿಂಕೆ ಮಾಂಸ, ಗೆಡ್ಡೆಗೆಣಸು, ಕಾಡುಹಣ್ಣು ಬಡಿಸಿದರೆಂದು ಆಮೇಲೆ ತಿಳಿಯಿತು. ಮೀನು ಇರಬೇಕಾದ ಜಾಗವನ್ನು ಖಾಲಿ ಬಿಟ್ಟು ಊಟ ಮುಗಿಸಿದರಂತೆ.

ಅದಾಗಿ ಎರಡೇ ದಿನ. ಬೆಳಿಗ್ಗೆ ಫೋನ್ ತೆರೆದರೆ ಎಣಿಕೆ ಹಿಂದಿನ ದಿನಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕಣ್ಣು ತಪ್ಪಿತೇನೋ ಎಂದು ಮತ್ತೆ ನೋಡಿದೆ. ಮರುದಿನ ಇನ್ನೂ ಹೆಚ್ಚು. ಹೊಳೆ ತುಂಬ ಮೀನು. ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನು ಸವರಿದರು. ಫೋನ್ ಮಾಡಲು ಭಯ, ಮಾಡದಿರಲೂ ಭಯ. ಕೊನೆಗೆ ಮಾಡಿದೆ.

"ತಡವೇ ಆಗಿದ್ದು," ಅಂದೆ. "ಕಡಿಮೆಯಲ್ಲ."

"ನೋಡಿದೆ. ಹೊಳೆಯಲ್ಲಿ ಹುಟ್ಟಿದವೂ ಇವೆಯಾ?"

"ಇವೆ. ಚೆನ್ನಾಗಿಯೇ ಇವೆ."

ಉಸಿರು ಬಿಟ್ಟದ್ದು ಕೇಳಿಸಿತು. "ಅಮ್ಮನೂ ಹೀಗೇ," ಅಂದರು. "ಎಲ್ಲರ ಊಟ ಮುಗಿಯುವವರೆಗೂ ಕೂರುತ್ತಿರಲಿಲ್ಲ." ಹೇಳಿ ನಕ್ಕರು. ಆ ನಗು ಅರ್ಧಕ್ಕೇ ಅಳುವಾಯಿತು. ಗಟ್ಟಿ ಹೆಂಗಸು, ಬೇಗ ಸಾವರಿಸಿಕೊಂಡರು. ಇನ್ನೂ ಮೂರು ಮನೆಯವರು ತಮ್ಮವರ ವರ್ಷದ ಊಟಕ್ಕೆ ಕಾಯುತ್ತಿದ್ದಾರೆ, ಅವರಿಗೆ ಎಷ್ಟು ಬಿಡಬಹುದು ನೋಡು ಎಂದರು. ನಾನು ಆ ಸಂಜೆಯೇ ಲೆಕ್ಕ ಮಾಡಿ ಕಳಿಸಿದೆ.

ಶುಕ್ರವಾರ ಬಲೆ ಇಳಿಯಿತು. ಅಧಿಕಾರಿ ದಂಡೆಗೆ ಹೋಗದೆ, ಎಷ್ಟು ಮೀನಾಯಿತೆಂದು ಆಫೀಸಿನಿಂದಲೇ ಗಮನಿಸುತ್ತಿದ್ದು, ಮಿತಿ ಹತ್ತಿರವಾಗುವ ಮೊದಲೇ ನಿಲ್ಲಿಸಿದರು. ಸಂಜೆ ಆ ಮೂರು ಮನೆಗಳಲ್ಲಿ ಒಂದರವರು ಅವರಿಗೆಂದೇ ಒಂದು ದೊಡ್ಡ ಮೀನನ್ನು ತೆಗೆದಿಟ್ಟುಕೊಂಡು ಬಾಗಿಲಿಗೆ ಬಂದರಂತೆ. ಇವರು, ನಮ್ಮ ಮನೆಯ ಊಟ ಆಗಿದೆ ಎಂದು ಹೇಳಿ, ಅದನ್ನು ತಂದವರ ಕೈಯಲ್ಲೇ ವಾಪಸು ಕಳಿಸಿದರಂತೆ.